ಒಂದು ತೊಟ್ಟೂ ಚೆಲ್ಲದ ಆಯಿಲ್ ಚೇಂಜ್

ಹತ್ತೊಂಬತ್ತು ವರ್ಷ ನಿಷ್ಠೆಯಿಂದ ದುಡಿದ ಮೋಟಾರ್ ಸೈಕಲ್ಲನ್ನು ಎರಡು ತೊಟ್ಟು ಎಣ್ಣೆಯ ಅಪರಾಧಕ್ಕಾಗಿ ಮನೆಯಿಂದ ಗಡೀಪಾರು ಮಾಡುವುದು ಯಾವ ಸೀಮೆಯ ನ್ಯಾಯ ಎಂಬ ಪ್ರಶ್ನೆಯನ್ನು ಎವೆಲಿಯೊ ಒಕಾಂಪೊ ಡಿಸೆಂಬರ್ ಹದಿನಾಲ್ಕರ ಬೆಳಗ್ಗೆ ತಿಂಡಿಯ ಮೇಜಿನ ಮುಂದೆ ಎತ್ತಿದನು. ಉತ್ತರವಾಗಿ ಅವನ ಹೆಂಡತಿ ಮಾರ್ಲೆನಿ ಅವನ ತಟ್ಟೆಗೆ ಜೋಳದ ಹಿಟ್ಟಿನ ಇನ್ನೊಂದು ಬಿಸಿ ಅರೆಪಾ ಹಾಕಿದಳು. ಚರ್ಚೆ ಮುಗಿಯಿತೆಂದು ಅವಳು ತಿಳಿಸುತ್ತಿದ್ದ ಕ್ರಮವೇ ಅದು.

"ಎರಡಲ್ಲ, ಮೂರು ತೊಟ್ಟು," ಎಂದಳು. "ಮೂರನೇದನ್ನ ನಾನೇ ತುಳಿದೆ. ಚಪ್ಪಲಿ ತಂದು ತೋರಿಸ್ಲಾ?"

ಸಾಂತಾ ರೋಸಾ ದೆ ಕಬಾಲ್‌ನ ಇತರ ಮನೆಗಳಂತೆ ಅವರ ಮನೆಯಲ್ಲೂ ಗರಾಜೆಂದರೆ ಬೀದಿಬಾಗಿಲ ಒಳಗಿನ ಮೊದಲ ಕೋಣೆ. ಅತಿಥಿಗಳು ಕೂರುವುದು ಅಲ್ಲಿ, ಬಟ್ಟೆ ಇಸ್ತ್ರಿಯಾಗುವುದು ಅಲ್ಲಿ, ಮೋಟಾರ್ ಸೈಕಲ್ ಮಲಗುವುದೂ ಅಲ್ಲಿ. ಅದರ ನೆಲಕ್ಕೆ ಮಾರ್ಲೆನಿ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಶುಕ್ರವಾರ ಕೆಂಪು ಮೇಣ ತೀಡುತ್ತ ಬಂದಿದ್ದಳು. ಪದರದ ಮೇಲೆ ಪದರ ಸೇರಿ ಆ ನೆಲ ಈಗ ನೆಲವಾಗಿ ಉಳಿದಿರಲಿಲ್ಲ, ಕುಲಗೌರವವಾಗಿತ್ತು. (ಅದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು ಎಂದು ಬೀದಿಯಲ್ಲಿ ಮಾತಿತ್ತು. ಎವೆಲಿಯೊ ಒಮ್ಮೆ ಪ್ರಯತ್ನಿಸಿದ್ದನು. ಬೆನ್ನು ಹಿಡಿದುಕೊಂಡಿತ್ತು.) ಹದಿನಾರರ ಸಂಜೆ ಆರಕ್ಕೆ ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನಗಳ ನೊವೇನಾ ಪ್ರಾರ್ಥನೆ ಆರಂಭ. ಈ ಸಲ ಬೀದಿಯವರೆಲ್ಲ ಸೇರುವುದು ಆ ನೆಲದ ಮೇಲೆ, ಅಲ್ಲಿ ಕಟ್ಟಲಿರುವ ಗೋದಲಿಯ ಬೊಂಬೆಗಳ ಮುಂದೆ.

"ಆ ಎಣ್ಣೆ ನನ್ನ ಗಾಡಿಯ ತಪ್ಪಲ್ಲ," ಎಂದು ಎವೆಲಿಯೊ ಕುದಿದನು. "ನಿನ್ನ ತಮ್ಮ ಅರ್ನುಲ್ಫೊನ ತಪ್ಪು. ಒಂದು ಕೈಯಲ್ಲಿ ಬನ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಆಯಿಲ್ ಬದಲಾಯಿಸಿದ. ಹಳೇ ವಾಷರನ್ನೇ ವಾಪಸ್ ಹಾಕಿದ!"

"ತಪ್ಪು ಯಾರದಾದ್ರೂ ಇರ್ಲಿ, ತೊಟ್ಟಿಕ್ಕಿದ್ದು ನನ್ನ ನೆಲದ ಮೇಲೆ. ಇನ್ನೊಂದು ತೊಟ್ಟು ಬಿದ್ರೆ ನಿಮ್ಮ ಗಾಡಿ ಅರ್ನುಲ್ಫೊ ಶೆಡ್ಡಿಗೆ ಹೋಗುತ್ತೆ. ವಾಪಸ್ ಬರೋದಿಲ್ಲ."

ಆ ಶೆಡ್ಡಿನಲ್ಲಿ ಕೋಳಿಗಳು ರಿಪೇರಿಗೆ ಬಂದ ಗಾಡಿಗಳ ಸೀಟುಗಳ ಮೇಲೆ ಮಲಗುತ್ತಿದ್ದವು. ಎವೆಲಿಯೊ ಕಚ್ಚಿದ ಅರೆಪಾವನ್ನು ತಟ್ಟೆಗೆ ವಾಪಸ್ ಇಟ್ಟನು.

"ಹಾಗಾದ್ರೆ ನಾನೇ ಮಾಡ್ತೀನಿ. ಇದೇ ಗರಾಜಲ್ಲಿ. ಶಾಸ್ತ್ರೋಕ್ತವಾಗಿ. ಒಂದು ತೊಟ್ಟು ಕೂಡ ಬೀಳಲ್ಲ. ಬಿದ್ರೆ ಗಾಡಿ ಜೊತೆ ನಾನೂ ಕೋಳಿಗಳ ಹತ್ರ ಹೋಗ್ತೀನಿ."

"ನೀವು ಬೇಡ," ಎಂದಳು ಮಾರ್ಲೆನಿ. "ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸ್ತವೆ."

ನೋಟರಿ ಕಚೇರಿಯಲ್ಲಿ ಕ್ರಯಪತ್ರಗಳ ಕರಡು ಬರೆಯುವ ಎವೆಲಿಯೊ ಒಂದು ಅಲ್ಪವಿರಾಮಕ್ಕಾಗಿ ಇಡೀ ಪುಟವನ್ನು ಮತ್ತೆ ಟೈಪಿಸುವ ಮನುಷ್ಯ. ಅಂದೇ ಅವನು ಗಾಡಿಯ ಕೈಪಿಡಿಯನ್ನು ಆದ್ಯಂತ ಓದಿ ಹದಿನಾಲ್ಕು ಕಲಮುಗಳ ವಿಧಾನವೊಂದನ್ನು ಸಿದ್ಧಪಡಿಸಿದನು. ಎಂಜಿನ್ ಮೂರು ನಿಮಿಷ ಓಡಬೇಕು, ಆದರೆ ಬೀದಿಬಾಗಿಲು ಪೂರ್ಣ ತೆರೆದಿರಬೇಕು, ಏಕೆಂದರೆ ಹೊಗೆಗೆ ದಯೆಯಿಲ್ಲ. ಅನಂತರ ಹತ್ತು ನಿಮಿಷ ಆರಬೇಕು, ಏಕೆಂದರೆ ಕಾದ ಎಣ್ಣೆಗೂ ಇಲ್ಲ. ಕೀಲಿ ಜೇಬಿನಲ್ಲಿರಬೇಕು. ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ. ಕೊನೆಯ ಕಲಮು: ಮಧ್ಯದಲ್ಲಿ ಯಾರೂ ಮಾತನಾಡಿಸಕೂಡದು.

ಹದಿನಾರರ ಬೆಳಗ್ಗೆ ಒಂಬತ್ತಕ್ಕೆ ಕಾರ್ಯ ಆರಂಭವಾಯಿತು. ರಟ್ಟಿನ ಮೇಲೆ ಪ್ಲಾಸ್ಟಿಕ್, ಪ್ಲಾಸ್ಟಿಕ್ ಮೇಲೆ ಹಳೆಯ ಪತ್ರಿಕೆ, ಅದರ ಮೇಲೆ ಸೆಂಟರ್ ಸ್ಟ್ಯಾಂಡಿನಲ್ಲಿ ಗಾಡಿ. ಗಾಡಿ ಅಲುಗದೆಂದು ಅವನು ಮೂರು ಸಲ ತಳ್ಳಿ ಖಚಿತಪಡಿಸಿಕೊಂಡನು. ಎಂಜಿನ್ ತಳದ ಡ್ರೈನ್ ಬೋಲ್ಟ್ ಬಿಟ್ಟುಕೊಳ್ಳುವ ಕ್ಷಣದಲ್ಲಿ ಎಣ್ಣೆ ನೇರ ಕೆಳಗೆ ಬೀಳದೆ ಮುಂದಕ್ಕೆ ಚಿಮ್ಮುತ್ತದೆಂಬುದನ್ನು ಅವನು ಮೊದಲೇ ಲೆಕ್ಕಹಾಕಿ ಬೇಸಿನ್ನನ್ನು ನಾಲ್ಕು ಬೆರಳು ಮುಂದಕ್ಕೆ ಇಟ್ಟಿದ್ದನು. ಎಣ್ಣೆ ಚಿಮ್ಮಿತು, ಬೇಸಿನ್ನಿನ ನಟ್ಟನಡುವೆ ಬಿದ್ದಿತು. ಎವೆಲಿಯೊನ ಕಣ್ಣಲ್ಲಿ ನೀರಾಡಿತು.

ಹೊಸ ವಾಷರ್ ಕೂತಿತು. ಬೋಲ್ಟನ್ನು ಮೊದಲು ಕೈಯಿಂದ ತಿರುವಿ, ಆಮೇಲೆ ಸ್ಪ್ಯಾನರಿನಿಂದ ಬೇಕಾದಷ್ಟೇ ಬಿಗಿದನು. ಹೊಸ ಎಣ್ಣೆ ಆಲಿಕೆಯಿಂದ ಇಳಿಯಿತು. ಹಳೆಯದು ಬಿಗಿಮುಚ್ಚಳದ ಡಬ್ಬಿ ಸೇರಿತು. ಡಬ್ಬಿಯ ಮೇಲೆ ದುಂಡಕ್ಷರದಲ್ಲಿ 'ಉಪಯೋಗಿಸಿದ ಎಣ್ಣೆ. ಸೇವನೆಗಲ್ಲ' ಎಂಬ ಚೀಟಿ. ಎಂಜಿನ್ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಮಟ್ಟ ನೋಡಿದನು. ಸೋರಿಕೆ ಇರಲಿಲ್ಲ. ಗಾಡಿಯನ್ನು ಬೀದಿಗೆ ದೂಡಿ, ಪತ್ರಿಕೆ, ಪ್ಲಾಸ್ಟಿಕ್, ರಟ್ಟುಗಳನ್ನು ಮಡಿಸಿ, ಹೆಂಡತಿಯನ್ನು ಕರೆದನು.

ಮಾರ್ಲೆನಿ ಮೊಣಕಾಲೂರಿ, ಬಿಳಿ ಕರವಸ್ತ್ರದಿಂದ ನೆಲವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒತ್ತಿ ನೋಡಿದಳು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು.

"ಸರಿ," ಎಂದಳು. "ಗಾಡಿ ಇಲ್ಲೇ ಇರ್ಲಿ."

ಇಪ್ಪತ್ತೆರಡು ವರ್ಷಗಳ ದಾಂಪತ್ಯದಲ್ಲಿ ಎವೆಲಿಯೊ ಗೆದ್ದ ಮೊದಲ ವ್ಯಾಜ್ಯವದು. ಅವಳು ಅಡುಗೆಮನೆಯಲ್ಲಿ ಕುದಿಯುತ್ತಿದ್ದ, ಹಬ್ಬದ ಸಿಹಿ ನತೀಯಾದ ಹಾಲನ್ನು ತಿರುವಲು ಹೋದಳು. ಅಲ್ಲಿಗೇ ನಿಂತಿದ್ದರೆ ಈ ಕಥೆಯನ್ನು ಎವೆಲಿಯೊ ತಾನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದನು.

ಹಳೆಯ ಎಣ್ಣೆಯ ಡಬ್ಬಿಯನ್ನು ಶೆಡ್ಡಿನ ಪೀಪಾಯಿಗೆ ಸೇರಿಸಲು ಅರ್ನುಲ್ಫೊ ಬಂದನು. ಚೀಟಿಯನ್ನು ಎರಡು ಸಲ ಓದಿದನು.

"ಸೇವನೆಗಲ್ಲವಾ? ಒಳ್ಳೇದಾಯ್ತು ಹೇಳಿದ್ದು. ಬಾಯಾರಿಕೆ ಆಗಿತ್ತು." ಅನಂತರ ಕತ್ತು ಓರೆಮಾಡಿ ನೆಲ ನೋಡಿದನು. "ಎಲ್ಲ ಚೆಂದ ಆಗಿದೆ ಭಾವ. ಆದ್ರೆ ಅಲ್ಲೊಂದು ಕಲೆ ಇದೆಯಲ್ಲ."

"ಎಲ್ಲಿ?"

"ಅದೋ. ಕಾಫಿಬೀಜದಷ್ಟು."

"ಅದು ಎಣ್ಣೆಯಲ್ಲ. ಮೇಣ ದಪ್ಪ ಕೂತಿರೋದು."

"ನಾನೇನೂ ಹೇಳ್ಲಿಲ್ಲಪ್ಪ. ನೀವು ಓದಿದವರು. ನೀವು ಮೇಣ ಅಂದ್ರೆ ಮೇಣ." ಎಂದು ಅವನು ನಕ್ಕ ನಗು ಮಾತ್ರ ಎಣ್ಣೆ ಎಂದೇ ಹೇಳುತ್ತಿತ್ತು.

ಎವೆಲಿಯೊನ ರಕ್ತ ಕುದಿಯಿತು. ಬನ್ ತಿನ್ನುತ್ತ ಬೋಲ್ಟ್ ತಿರುವುವವನು ತನ್ನ ಕಾರ್ಯದಲ್ಲಿ ಕಲೆ ಹುಡುಕುವುದೇ! ಸಾಕ್ಷ್ಯವಿಲ್ಲದೆ ಮಾತಿಲ್ಲವೆಂದು ಅವನು ಪೇಂಟ್ ಥಿನ್ನರ್ ಸೀಸೆಯನ್ನೂ ಬಿಳಿ ಬಟ್ಟೆಯನ್ನೂ ತಂದನು. (ಬಾಗಿಲು ತೆರೆದಿತ್ತು, ಅಡುಗೆಮನೆಯ ಒಲೆ ಮನೆಯ ಇನ್ನೊಂದು ತುದಿಯಲ್ಲಿತ್ತು, ಕೈಗವಸು ತೊಟ್ಟಿದ್ದನು. ತನ್ನ ಸರ್ವನಾಶವನ್ನೂ ಅವನು ಸುರಕ್ಷಿತವಾಗಿಯೇ ನೆರವೇರಿಸಿಕೊಂಡನೆಂಬುದು ದಾಖಲಾಗಬೇಕು.)

"ನೋಡು. ಎಣ್ಣೆಯಾದ್ರೆ ಬಟ್ಟೆ ಕಪ್ಪಾಗಬೇಕು. ಮೇಣವಾದ್ರೆ ಕೆಂಪಾಗಬೇಕು." ತಿಕ್ಕಿದನು. "ಏನಾಯ್ತು? ಹೇಳು, ಏನಾಯ್ತು?"

"ಕೆಂಪಾಯ್ತು," ಎಂದು ಅರ್ನುಲ್ಫೊ ಒಪ್ಪಿದನು. "ಆದ್ರೆ ಅಂಚಲ್ಲಿ ಸ್ವಲ್ಪ ಕಪ್ಪು ಕಂಡ ಹಾಗೆ..."

"ಎಲ್ಲಿ ಕಪ್ಪು? ಈ ಕಡೆ ನೋಡು. ಕೆಂಪು! ಈ ಕಡೆ? ಕೆಂಪು! ಇಲ್ಲಿಯೂ ಕೆಂಪು!"

ಬಟ್ಟೆ ನಾಲ್ಕು ಸಲ ಮಗುಚಿತು, ಸೀಸೆ ಅರ್ಧವಾಯಿತು. ಕೊನೆಗೆ ಅರ್ನುಲ್ಫೊ ಎರಡೂ ಕೈ ಎತ್ತಿ, "ಆಯ್ತು ಭಾವ, ಸೋತೆ, ಎಣ್ಣೆ ಅಲ್ಲ," ಎಂದು ಹೇಳಿ, ಡಬ್ಬಿ ಎತ್ತಿಕೊಂಡು, ಯಾಕೋ ತುಸು ಅವಸರದಿಂದಲೇ ಹೊರಟುಹೋದನು. ಎವೆಲಿಯೊ ಕೆಂಪು ಬಟ್ಟೆಯನ್ನು ಜಯಪತಾಕೆಯಂತೆ ಎತ್ತಿ ಹಿಡಿದು ಒಳಕ್ಕೆ ತಿರುಗಿದನು. ಒಳಬಾಗಿಲಲ್ಲಿ ಸೌಟು ಹಿಡಿದು ಮಾರ್ಲೆನಿ ನಿಂತಿದ್ದಳು. ಅವಳು ಪತಾಕೆಯನ್ನು ನೋಡುತ್ತಿರಲಿಲ್ಲ.

ಎವೆಲಿಯೊ ಅವಳ ದೃಷ್ಟಿಯನ್ನು ಹಿಂಬಾಲಿಸಿದನು. ಕೆಂಪು ನೆಲದ ನಡುವೆ ಎಮ್ಮೆಗರು ಮಲಗಬಹುದಾದಷ್ಟು ಜಾಗ ಬೋಳು ಸಿಮೆಂಟಿನ ಬೂದಿಬಣ್ಣಕ್ಕೆ ತಿರುಗಿತ್ತು. ಇಪ್ಪತ್ತೆರಡು ವರ್ಷಗಳ ಶುಕ್ರವಾರಗಳು ಅವನ ಕೈಯಲ್ಲಿದ್ದವು.

"ಎಣ್ಣೆ ಅಲ್ಲ," ಎಂದನು, ಸಣ್ಣ ದನಿಯಲ್ಲಿ. "ಸಾಬೀತಾಯಿತು."

ಮಾರ್ಲೆನಿ ಕೂಗಲಿಲ್ಲ. ಕೂಗಿದ್ದರೆ ಅವನಿಗೂ ಉತ್ತರಿಸಲು ಅವಕಾಶವಿರುತ್ತಿತ್ತು. ಅವಳು ಗಡಿಯಾರ ನೋಡಿದಳು, ಬೋಳು ಜಾಗ ನೋಡಿದಳು, ಬೀದಿಯಲ್ಲಿ ನಿಂತ ಗಾಡಿ ನೋಡಿದಳು.

"ಗಾಡಿ ಒಳಗೆ ತನ್ನಿ."

"ಈಗ್ಲೇ?"

"ಅದರ ಮೇಲೆ ನಿಲ್ಲಿಸಿ. ಇನ್ನೂ ಸ್ವಲ್ಪ ಹಿಂದೆ. ಚಕ್ರ ಈ ಕಡೆ. ಹಾಂ. ಇನ್ನು ಅಲುಗಾಡಿಸಬೇಡಿ."

"ಎಷ್ಟು ಹೊತ್ತು?"

"ಗೋದಲಿ ತೆಗೆಯೋವರೆಗೆ. ಅಂದ್ರೆ ಜನವರಿ ಆರು, ಮೂರು ರಾಯರ ಹಬ್ಬದವರೆಗೆ. ಆಮೇಲೆ ಶುಕ್ರವಾರ ಶುಕ್ರವಾರ ನೀವೇ ಮೇಣ ಹಾಕಿ. ಬಣ್ಣ ಹೊಂದಿಕೊಂಡ ದಿನ ಗಾಡಿ ತೆಗೀಬಹುದು."

ಸಂಜೆ ಗಾಡಿಯ ಸುತ್ತ ಗೋದಲಿಯ ಪಾಚಿ ಹಾಸಿತ್ತು, ಸೀಟಿನ ಮೇಲೆ ಮಣ್ಣಿನ ಕುರಿಗಳು ಮೇಯುತ್ತಿದ್ದವು. ನೊವೇನಾ ಓದಲು ಬಂದ ಎದುರುಮನೆಯ ದೋನ್ಯಾ ಇನೆಸ್ ಭಾವುಕಳಾದಳು. "ಯಂತ್ರವನ್ನೂ ದೇವರ ಪಾದದಲ್ಲಿಟ್ಟಿದ್ದೀರಿ ದೋನ್ ಎವೆಲಿಯೊ! ಎಂಥ ಭಕ್ತಿ!" ಎಂದಳು. ಎವೆಲಿಯೊ ನತೀಯಾ ಬಾಯಲ್ಲಿಟ್ಟುಕೊಂಡು ತಲೆಯಾಡಿಸಿದನು.

ಸೋಮವಾರ ಬೆಳಗ್ಗೆ ಅವನು ಟೈ ಕಟ್ಟಿಕೊಂಡು, ಕಡತದ ಚೀಲ ಹೊತ್ತು, ಕಚೇರಿಯ ಏರುದಾರಿ ಹತ್ತುತ್ತಿದ್ದನು. ಎರಡನೆಯ ತಿರುವಿನಲ್ಲಿ ಅವನಿಗೆ ಉಸಿರು ಸಿಕ್ಕಲಿಲ್ಲ, ಅರ್ನುಲ್ಫೊ ಸಿಕ್ಕಿದನು, ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿದ್ದ ತನ್ನ ಗಾಡಿಯ ಮೇಲೆ.

"ಭಾವ! ಗಾಡಿ ಎಲ್ಲಿ? ಅಕ್ಕ ಕೊನೆಗೂ ಹೊರಗೆ ಹಾಕಿಬಿಟ್ಲಾ?"

"ಹೊರಗೆ ಹಾಕೋದಾ!" ಎವೆಲಿಯೊ ಏದುಸಿರಿನ ನಡುವೆಯೇ ನೆಟ್ಟಗೆ ನಿಂತನು. "ನನ್ನ ಗಾಡಿಯನ್ನ ಆ ಗರಾಜಿನಿಂದ ಕದಲಿಸೋ ಗಂಡು ಈ ಊರಲ್ಲಿ ಹುಟ್ಟಿಲ್ಲ."

ಹಾಗೆ ಹೇಳಿ, ಅರ್ನುಲ್ಫೊನ ಹಿಂದಿನ ಸೀಟನ್ನು ಕರವಸ್ತ್ರದಿಂದ ಎರಡು ಸಲ ಒರೆಸಿ, ಬಟ್ಟೆಯ ಬಣ್ಣ ಪರೀಕ್ಷಿಸಿ, ಅತ್ಯಂತ ಅಸಮಾಧಾನದಿಂದ ಹತ್ತಿ ಕೂತನು.