ಸೋಲೊಪ್ಪದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಇದುವರೆಗೆ ಒಂದು ಚುನಾವಣೆಯಲ್ಲೂ ಸೋತವರಲ್ಲ. ನಿಂತಿದ್ದರೆ ತಾನೇ ಸೋಲುವುದು! ಬನಶಂಕರಿಯ ನಮ್ಮ ಮನೆಯ ಕೆಳಮಹಡಿಯಲ್ಲಿ ಕುಳಿತೇ ಅವರು ದೇಶದ ರಾಜಕೀಯವನ್ನೆಲ್ಲ ನಿಭಾಯಿಸುತ್ತಾರೆ. ಮೇಲಿನ ಮಹಡಿಯಲ್ಲಿರುವ ಅವರ ತಮ್ಮ, ಅಂದರೆ ನನ್ನ ಅಪ್ಪ, ಎದುರು ಪಕ್ಷ.

ನಾನು ಹೈದರಾಬಾದಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಬೇಸಿಗೆ ರಜೆಗೆ ಬಂದಾಗ ಎರಡೂ ಮಹಡಿಗಳ ಹೇಳಿಕೆಗಳನ್ನು ಪಕ್ಷಪಾತವಿಲ್ಲದೆ ಕೇಳಿಸಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇಲ್ಲಿ ಉತ್ಪ್ರೇಕ್ಷೆಯೇನಾದರೂ ಇದ್ದರೆ ಅದು ದೊಡ್ಡಪ್ಪನದು, ನನ್ನದಲ್ಲ.

ಒಮ್ಮೆ ಕಟಿಂಗ್ ಶಾಪಿನಲ್ಲಿ ಅರ್ಧ ತಲೆ ಮುಗಿಯುವಷ್ಟರಲ್ಲಿ ಅಂಗಡಿಯವನ ಪಕ್ಷ ಯಾವುದೆಂದು ಅವರಿಗೆ ಗೊತ್ತಾಯಿತು. ಕೂಡಲೇ ಎದ್ದು ಬಂದರು!

"ಇದೇನ್ರೀ ಅವತಾರ?" ದೊಡ್ಡಮ್ಮ ಕಿರುಚಿದರು.

"ಸಿದ್ಧಾಂತ," ಎಂದರು ದೊಡ್ಡಪ್ಪ.

ಮರುದಿನ ಟೋಪಿ ಹಾಕಿಕೊಂಡು ಅದೇ ಅಂಗಡಿಗೆ ಹೋಗಿ, "ಉಳಿದಿದ್ದು ಮಾಡಪ್ಪ. ಮಾತು ಮಾತ್ರ ಬೇಡ," ಎಂದರಂತೆ.

ಇಂಥವರ ಜೊತೆ ಪ್ರಯಾಣ ಮಾಡುವುದಿದೆಯಲ್ಲ, ಅದು ಸಾಹಸವೇ ಸರಿ. ಮೊನ್ನೆ ತರಕಾರಿ ತರಲು ಜಯನಗರ ನಾಲ್ಕನೇ ಬ್ಲಾಕಿಗೆ ಬಸ್ ಹತ್ತಿದೆವು. ಪಕ್ಕದ ಸೀಟಿನ ಯಜಮಾನರು ಅಪ್ಪನ ಪಕ್ಷದವರು. ನಮ್ಮ ಸ್ಟಾಪ್ ಬಂತು, ಹೋಯಿತು.

"ದೊಡ್ಡಪ್ಪ, ಇಳೀಬೇಕು!"

"ತಾಳೇ ಪುಟ್ಟಿ, ಇವ್ರು ಇನ್ನೂ ಒಪ್ಕೊಂಡಿಲ್ಲ!"

ಕಂಡಕ್ಟರ್ ಬಂದು, "ಅಂಕಲ್, ನಿಮ್ ಟಿಕೆಟ್ ನಾಲ್ಕನೇ ಬ್ಲಾಕ್‌ವರೆಗೆ. ಮುಂದಿನ ಜಗಳಕ್ಕೆ ಬೇರೆ ತಗೊಳ್ಳಿ," ಎಂದ. ಶಿವಾಜಿನಗರ ಬರುವಷ್ಟರಲ್ಲಿ ಯಜಮಾನರು ಸುಸ್ತಾಗಿ ಒಪ್ಪಿಕೊಂಡರು. ಆ ದಿನ ಮನೆಯಲ್ಲಿ ತರಕಾರಿಯಿಲ್ಲದ ಸಾರು.

ಈ ಬೇಸಿಗೆಯಲ್ಲಿ ನನ್ನದು ಒಂದೇ ಆಸೆ. ರೈಲಿನಲ್ಲಿ ಒಬ್ಬಳೇ ಕೋಲ್ಕತ್ತಕ್ಕೆ ಹೋಗಿ, ಗೆಳತಿಯ ಮನೆಯಲ್ಲಿದ್ದು ಬರಬೇಕು. ಅಪ್ಪ ಖಡಾಖಂಡಿತವಾಗಿ ಬೇಡವೆಂದರು. ನಾನು ಬೇಡಿದೆ, ವಾದಿಸಿದೆ, ಒಂದು ಹೊತ್ತು ಊಟ ಬಿಟ್ಟೆ. ಏನೂ ನಡೆಯಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ದೊಡ್ಡಪ್ಪ ಏನೆಂದರೂ ಅಪ್ಪ ಅದಕ್ಕೆ ವಿರುದ್ಧ ತಾನೇ?

"ದೊಡ್ಡಪ್ಪ, ನಾನು ಹೋಗೋದು ಬೇಡ ಅಂತ ನೀವು ಗಲಾಟೆ ಮಾಡಿ. ಅಪ್ಪ ತಕ್ಷಣ ಟಿಕೆಟ್ ಬುಕ್ ಮಾಡ್ತಾರೆ."

"ಥೂ! ನೀನು ಹೋಗ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಬೇಕಾದಾಗ ಬದಲಾಯ್ಸಕ್ಕೆ ನಾನೇನು ಎಮ್ಮೆಲ್ಲೆನಾ?"

ಸಂಜೆ ಅವರೇ ಮಹಡಿ ಹತ್ತಿ ಬಂದರು. ಅಪ್ಪ ಟಿವಿಯಲ್ಲಿ ಚರ್ಚೆ ನೋಡುತ್ತಿದ್ದರು. ಎಂದಿನಂತೆ ಇಬ್ಬರೂ ಶುರು ಹಚ್ಚಿಕೊಂಡರು. ಮಾತು ತಾರಕಕ್ಕೇರಿದ್ದಾಗ ದೊಡ್ಡಪ್ಪ ಇದ್ದಕ್ಕಿದ್ದಂತೆ, "ಸರಿ ಕಣೋ. ನೀನು ಹೇಳೋದೇ ಸರಿ," ಎಂದರು.

ಅಪ್ಪ ಟಿವಿ ಆರಿಸಿದರು. "ಅಣ್ಣಾ, ಹುಷಾರಾಗಿದ್ದೀಯಾ ತಾನೇ?"

"ಚೆನ್ನಾಗೇ ಇದೀನಿ. ನಿನ್ನ ಮಾತು ನಾನು ಒಪ್ಕೊಂಡೆ, ನನ್ನದೊಂದು ನೀನು ಒಪ್ಕೋ. ಮಗೂನ ಕಳ್ಸು. ನಮ್ಮಿಬ್ಬರ ಬಾಯಲ್ಲಿ ಕೇಳಿರೋ ದೇಶಾನ ಅವಳು ಒಂದ್ಸಲ ಕಣ್ಣಲ್ಲಿ ನೋಡ್ಲಿ."

ದೊಡ್ಡಪ್ಪ ಕೆಳಗಿಳಿದು ಹೋದರು. ಅಪ್ಪ ನನ್ನ ಕಡೆ ತಿರುಗಿ, "ಕೆಳಗಿನ ಬರ್ತ್ ಸಿಗತ್ತಾ ನೋಡು," ಎಂದರು.

ಹೊರಡುವ ದಿನ ದೊಡ್ಡಪ್ಪ ಬೋಗಿಯೊಳಗೇ ಬಂದು ಕುಳಿತರು. ಎದುರಿನ ಸೀಟಿನಲ್ಲಿ ಬಂಗಾಳದ ಹಿರಿಯ ಮಹಿಳೆಯೊಬ್ಬರಿದ್ದರು. ಹರಕು ಹಿಂದಿಯಲ್ಲಿ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ, ನಿಮ್ಮ ವೋಟು ಯಾರಿಗೆ? ಆಕೆ ನಗುತ್ತ ಹೇಳಿದರು. ದೊಡ್ಡಪ್ಪನದೂ ಅಲ್ಲದ, ಅಪ್ಪನದೂ ಅಲ್ಲದ ಮೂರನೇ ಪಕ್ಷ! ನಾನು ಕಣ್ಣು ಮುಚ್ಚಿಕೊಂಡೆ.

ರೈಲು ಹೊರಡುವ ಹೊತ್ತಾಯಿತು. ದೊಡ್ಡಪ್ಪ ಎದ್ದು ನಿಂತರು. ಹಿಂದಿಯೆಲ್ಲ ಮರೆತುಹೋಗಿತ್ತು.

"ನಮ್ಮ ಮಗು ಅಮ್ಮಾ. ಸ್ವಲ್ಪ ನೋಡ್ಕೊಳ್ಳಿ," ಎಂದು ಕೈಮುಗಿದರು.

ಆಕೆಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಬ್ಯಾಗನ್ನು ಎಳೆದು, ತಮ್ಮ ಬ್ಯಾಗಿನ ಪಕ್ಕದಲ್ಲಿಟ್ಟುಕೊಂಡರು.