ಪಣಕ್ಕಿಟ್ಟ ಮೀಸೆ, ಎಂಟು ವಾರದ ಮೌನ

ಆ ಕ್ಷೌರದಂಗಡಿಯ ಯಜಮಾನರಿಗೆ ಗಿರಾಕಿಗಳು ಪ್ರೀತಿಯಿಂದ ಇಟ್ಟ ಹೆಸರು ರೇಡಿಯೋ. ಹೋಲಿಕೆ ಪೂರ್ತಿ ಸರಿಯಲ್ಲ. ರೇಡಿಯೋದ ಕಿವಿ ಹಿಂಡಿದರೆ ಅದು ಸುಮ್ಮನಾಗುತ್ತದೆ. ಇವರು ಗಿರಾಕಿಯ ಕಿವಿ ಹಿಡಿದುಕೊಂಡೇ ಮಾತಾಡುವವರು. ಕಪ್ಪು ಕೂದಲು ಹೊತ್ತು ಕುರ್ಚಿ ಹತ್ತಿದವರೊಬ್ಬರು ಇವರ ಒಂದು ಕಥೆ ಮುಗಿಯುವಷ್ಟರಲ್ಲಿ ನರೆತುಹೋಗಿ, ಬಣ್ಣ ಹಚ್ಚಿಸಿಕೊಂಡು ಇಳಿಯಬೇಕಾಯಿತಂತೆ. (ಇದನ್ನು ಹೇಳಿದವರು ಸ್ವತಃ ರೇಡಿಯೋ. ಹಾಗಾಗಿ ಅರ್ಧ ಕಳೆದು ನಂಬಬಹುದು.)

ಇಂಥವರು ಮೌನ ಧ್ಯಾನಕೂಟಕ್ಕೆ ಹೆಸರು ಕೊಟ್ಟದ್ದಕ್ಕೆ ಕಾರಣ ಭಕ್ತಿಯಲ್ಲ, ಹೆಂಡತಿಯ ಒಂದು ನಗು. ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಫಾದರ್ ಒಂದು ಪ್ರಕಟಣೆ ಓದಿದರು. ಮನೆ, ಕೆಲಸ ಬಿಟ್ಟು ಧ್ಯಾನಕೂಟಕ್ಕೆ ಹೋಗಲಾಗದವರು ಇದ್ದಲ್ಲೇ ಇದ್ದುಕೊಂಡು ಮಾಡಬಹುದು. ಎಂಟು ವಾರ, ದಿನಕ್ಕೆ ಅರ್ಧ ಗಂಟೆ ಮೌನ, ಶನಿವಾರಕ್ಕೊಮ್ಮೆ ದಾರಿ ತೋರಿಸುವ ಸಿಸ್ಟರ್ ಜೊತೆ ಭೇಟಿ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಿಸಕ್ಕನೆ ನಕ್ಕರು.

“ಅರ್ಧ ಗಂಟೆ ಸುಮ್ಮನೆ. ಅದೂ ನೀವು.”

ಅಷ್ಟು ಸಾಕಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಇವರದೇ. ಸೋಮವಾರ ಪೋಸ್ಟ್ ಮಾಸ್ಟರರ ಗಲ್ಲಕ್ಕೆ ನೊರೆ ಹಚ್ಚುತ್ತಾ, “ಎಂಟು ವಾರದೊಳಗೆ ಪ್ರಭು ನನಗೇ ಅಂತ ಒಂದು ಮಾತು ಹೇಳ್ತಾರೆ, ನಾನು ಕೇಳಿಸ್ಕೋತೀನಿ. ಇಲ್ಲದಿದ್ರೆ ಈ ಮೀಸೆ ಬೋಳಿಸ್ತೀನಿ,” ಎಂದು ಸಾರಿದರು. ಬಾಯಿಗೆಲ್ಲ ನೊರೆ ಮೆತ್ತಿದ್ದ ಪೋಸ್ಟ್ ಮಾಸ್ಟರರಿಗೆ ಬೇಡ ಎನ್ನಲೂ ಆಗಲಿಲ್ಲ. ಮೀಸೆಯೆಂದರೆ ಅಂತಿಂಥ ಮೀಸೆಯಲ್ಲ. ತುದಿಗೊಂದರಂತೆ ಎರಡು ಗುಬ್ಬಿಗಳು ಕೂತು ಸಂಸಾರ ಹೂಡಬಹುದಾಗಿದ್ದ, ಮೂವತ್ತೊಂದು ವರ್ಷ ಎಣ್ಣೆ ಹಾಕಿ ಸಾಕಿದ ಮೀಸೆ. ಅಂಗಡಿಗೆ ಬೋರ್ಡು ಬರೆಸುವ ಅಗತ್ಯವೇ ಬಿದ್ದಿರಲಿಲ್ಲ.

ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದು ಪರದೆ. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ರೇಡಿಯೋ ಗಿರಾಕಿಯ ಕುರ್ಚಿಯಲ್ಲಿ ಕೂತು, ಕನ್ನಡಿಗೆ ಟವೆಲ್ ಹೊದಿಸಿ (ಮುಖ ಕಂಡರೆ ಅದರೊಡನೆಯೂ ಮಾತಿಗಿಳಿದುಬಿಡುವ ಭಯ), ಕಣ್ಣು ಮುಚ್ಚುತ್ತಿದ್ದರು. ಒಳಮನೆಗೆ ರಾಜಾಜ್ಞೆ ಹೊರಟಿತ್ತು. ಪಾತ್ರೆ ಸದ್ದಾಗಬಾರದು, ನಲ್ಲಿ ತೊಟ್ಟಿಕ್ಕಬಾರದು, ಬೆಕ್ಕು ನೆಲ ಮುಟ್ಟದೆ ಓಡಾಡಬೇಕು. ಮೊದಲ ದಿನವೇ ಹೆಂಡತಿ ಪರದೆ ಸರಿಸಿ, “ರೀ, ಒಂದು ಮಾತು ಹೇಳಬೇಕಿತ್ತು,” ಎಂದರು. ರೇಡಿಯೋ ಕಣ್ಣು ತೆರೆಯದೆ ತೋರುಬೆರಳೆತ್ತಿ ತುಟಿಗಿಟ್ಟುಕೊಂಡರು. ಪರದೆ ಮುಚ್ಚಿತು. ಅಂಗಡಿ ತೆರೆದ ಮೇಲಾದರೂ ಹೇಳೋಣವೆಂದರೆ, ಇವರ ಎರಡು ಮಾತಿನ ನಡುವೆ ಸೂಜಿಮೊನೆ ತೂರಿಸಲೂ ಜಾಗವಿರುತ್ತಿರಲಿಲ್ಲ.

ಸಿಸ್ಟರ್ ಶಾಲೆಯಲ್ಲಿ ನಲವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ತಾಳ್ಮೆಗೆ ಬೇರೆ ಸಾಕ್ಷಿ ಬೇಕಿಲ್ಲ. ಅವರು ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಬೈಬಲಿನ ಶುಭಸಂದೇಶದ ಒಂದು ಪ್ರಸಂಗ ಓದುವುದು, ಕಣ್ಣು ಮುಚ್ಚಿ ಅದರೊಳಗೆ ತಾನೂ ಒಬ್ಬನಾಗಿ ನಿಲ್ಲುವುದು, ನೋಡುವುದು, ಕೇಳುವುದು, ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದು ತರುವುದು. ಯಾರಾದರೂ ಆಗಬಹುದು ಎಂದಿದ್ದರು. ಕುರುಬನಾಗಬಹುದು, ಮೀನುಗಾರನಾಗಬಹುದು. ರೇಡಿಯೋ ಮಾತ್ರ ಹೋದಲ್ಲೆಲ್ಲ ಕ್ಷೌರಿಕರೇ ಆದರು.

ಕಾನಾ ಊರಿನ ಮದುವೆಯಲ್ಲಿ ಮದುಮಗನಿಗೆ ಕ್ಷೌರ ಮಾಡುತ್ತಾ ಮಾತಿಗೆ ಕೂತರು. ಅಲ್ಲಿದ್ದ ಆರು ಬಾನಿ ನೀರಿನಲ್ಲಿ ಒಂದನ್ನು ಇವರು ಕ್ಷೌರಕ್ಕೆಂದು ಎತ್ತಿಟ್ಟುಕೊಂಡದ್ದರಿಂದ ಪ್ರಭುವಿನ ಪವಾಡದಿಂದ ದ್ರಾಕ್ಷಾರಸವಾದದ್ದು ಐದೇ. ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕ ಯೊವಾನ್ನರ ಜಡೆಗಟ್ಟಿದ ತಲೆ ಕಂಡು ಮೂರು ದಿನ ನದಿಯ ದಡ ಬಿಟ್ಟೇಳಲಿಲ್ಲ. ಪ್ರಭುವನ್ನು ಹಿಡಿಯಲು ಬಂದವರ ಮೇಲೆ ಶಿಷ್ಯ ಪೇತ್ರ ತೋಟದಲ್ಲಿ ಕತ್ತಿ ಬೀಸಿ ಒಬ್ಬನ ಕಿವಿ ಹಾರಿಸಿದಾಗ ಎಲ್ಲರೂ ಬೆಚ್ಚಿದರೂ ಇವರಿಗೆ ಪೇತ್ರನ ಮೇಲೆ ಕನಿಕರ ಉಕ್ಕಿತು.

“ಕಿವಿಗೆ ತಾಗೋದು ಯಾರ ಕೈಲಾದ್ರೂ ಆಗುತ್ತೆ ಸಿಸ್ಟರ್. ನನಗೇ ನಾಲ್ಕು ಸಲ ಆಗಿದೆ.”

ಸಿಸ್ಟರ್ ಪ್ರತಿ ಶನಿವಾರ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಪ್ರಭು ನಿಮಗೆ ಏನು ಹೇಳಿದರು? ರೇಡಿಯೋ ಪ್ರತಿ ಶನಿವಾರ ತಲೆ ಕೆರೆದುಕೊಳ್ಳುತ್ತಿದ್ದರು. ಪ್ರಭು ಏನೋ ಹೇಳಿದ ಹಾಗಿತ್ತು, ಆದರೆ ಆಗ ನಾನು ಪೇತ್ರನ ಗಡ್ಡದ ವಿಷಯ ಮಾತಾಡುತ್ತಿದ್ದೆ ಎನ್ನುತ್ತಿದ್ದರು. ಐದನೆಯ ವಾರದ ಪ್ರಸಂಗ, ಬಿರುಗಾಳಿಗೆ ಸಿಕ್ಕ ಶಿಷ್ಯರ ದೋಣಿ. ಪ್ರಭು ಎದ್ದು “ಸುಮ್ಮನಿರು” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು.

ಸಿಸ್ಟರ್ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. ಅದು ನಿಮಗೇ ಹೇಳಿದ್ದು ಅಂತ ಅನಿಸಲಿಲ್ಲವೇ ಎಂದು ವಿಚಾರಿಸಿದರು.

“ಇಲ್ಲ ಸಿಸ್ಟರ್. ಗಾಳಿ ನಿಂತ್ಹೋಯ್ತು, ನಾನು ನಿಲ್ಲಿಸಲಿಲ್ಲ. ಅಂದ್ಮೇಲೆ ಅದು ಗಾಳಿಗೇ ಹೇಳಿದ್ದು.”

ಈ ನಡುವೆ ಮನೆಯಲ್ಲೂ ಧ್ಯಾನಭಂಗದ ಕಾರಣಗಳು ಹೆಚ್ಚುತ್ತಿದ್ದವು. ಅಂಗಡಿಯ ಟವೆಲುಗಳನ್ನು ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕುತ್ತಿದ್ದ ಹೆಂಡತಿ ಈಗ ಅವನ್ನು ಕುರ್ಚಿಗಳ ಬೆನ್ನಿಗೆ, ಕಿಟಕಿಯ ಕಟ್ಟೆಗೆ, ಕೈಗೆಟುಕಿದಲ್ಲೆಲ್ಲ ಹರವುತ್ತಿದ್ದರು. ತಲೆಗೆ ಸದಾ ಒಂದು ಬಟ್ಟೆ ಹೊದ್ದುಕೊಂಡಿರುತ್ತಿದ್ದರು. ಹಸಿ ಟವೆಲಿನ ವಾಸನೆಯಿಂದ ಏಕಾಗ್ರತೆ ಕೆಟ್ಟಿತೆಂದು ರೇಡಿಯೋ ನೋಟ್‌ಬುಕ್ಕಿನಲ್ಲಿ ಎರಡು ಪುಟ ದೂರು ಬರೆದರು. ಎರಡು ದಿನಕ್ಕೊಮ್ಮೆ ಪರದೆ ಸರಿಯುತ್ತಿತ್ತು, “ರೀ” ಎಂಬ ದನಿ ಬರುತ್ತಿತ್ತು, ಬೆರಳು ಏಳುತ್ತಿತ್ತು.

ಏಳನೆಯ ಶನಿವಾರವೂ ಉತ್ತರ ಸೊನ್ನೆ. ಸಿಸ್ಟರ್ ನೋಟ್‌ಬುಕ್ ಪಕ್ಕಕ್ಕಿಟ್ಟು, ಈ ವಾರ ಶುಭಸಂದೇಶದ ಪ್ರಸಂಗ ಬೇಡ, ನಿಮ್ಮ ಅಂಗಡಿಯೇ ಸಾಕು ಎಂದರು. ಪ್ರಭು ಒಳಗೆ ಬರುತ್ತಾರೆ, ಕುರ್ಚಿಯಲ್ಲಿ ಕೂರಿಸಿ, ಅಷ್ಟೇ ಎಂದರು. ರೇಡಿಯೋ ದಾರಿಯುದ್ದಕ್ಕೂ ಮೀಸೆಯನ್ನು ಸವರಿಕೊಳ್ಳುತ್ತಲೇ ಮನೆಗೆ ಬಂದರು, ಪರ ಊರಿಗೆ ಹೊರಟ ಮಗುವನ್ನು ಸವರುವ ಹಾಗೆ.

ಪ್ರಭು ಬಂದರು ನಿಜ. ಆದರೆ ಸೋಮವಾರ, ಮಂಗಳವಾರ ರೇಡಿಯೋ ಅವರಿಗೂ ಇಡೀ ಬೀದಿಯ ಸಮಾಚಾರ ಒಪ್ಪಿಸಿದರು. ಬುಧವಾರ ಒಬ್ಬ ಗಿರಾಕಿಗೆ ಮೌನದ ಮಹಿಮೆಯನ್ನು ಎರಡೂವರೆ ಗಂಟೆ ವಿವರಿಸುತ್ತಿರುವಾಗ ಗಂಟಲು ಕೀಚ್ ಎಂದು ಕೂಗಿ ಕೆಟ್ಟು ನಿಂತಿತು. ಹತ್ತು ದಿನ ಒಂದಕ್ಷರ ಆಡಕೂಡದೆಂದು ಡಾಕ್ಟರು ಅಪ್ಪಣೆ ಕೊಟ್ಟರು.

“ಹತ್ತೇ ದಿನ ಸಾಕಾ ಡಾಕ್ಟ್ರೇ?” ಎಂದರು ಹೆಂಡತಿ.

ಶುಕ್ರವಾರ, ಕೊನೆಯ ದಿನ. ರೇಡಿಯೋ ಕಣ್ಣು ಮುಚ್ಚಿದರು. ಪ್ರಭು ಬಂದು ಕೂತರು. ಕುತ್ತಿಗೆಗೆ ಬಟ್ಟೆ ಸುತ್ತಿ, ಬಾಚಣಿಗೆ ಎತ್ತಿಕೊಂಡು ಬಾಯಿ ತೆರೆದರೆ ಧ್ಯಾನದೊಳಗೂ ದನಿಯಿಲ್ಲ. ಬೇರೆ ದಾರಿಯಿಲ್ಲದೆ ಕೆಲಸ ಮಾಡಿದರು. ಕತ್ತರಿಯ ಸದ್ದೊಂದೇ. ತುಸು ಹೊತ್ತಾದ ಮೇಲೆ ಕುರ್ಚಿಯಲ್ಲಿದ್ದವರು ಮೆಲ್ಲಗೆ ಹೇಳಿದರು: “ಪರದೆ ಹತ್ತಿರ ನಿಂತಿದ್ದಾಳೆ ನೋಡು. ಅವಳು ಹೇಳೋದನ್ನ ಕೇಳು.”

ರೇಡಿಯೋ ಕಣ್ಣು ತೆರೆದರು. ಪರದೆಯ ಹತ್ತಿರ ಹೆಂಡತಿ ನಿಜಕ್ಕೂ ನಿಂತಿದ್ದರು. ಇಂದು ಬೆರಳು ಏಳಲಿಲ್ಲ.

“ಭುಜ ಹಿಡ್ಕೊಂಡು ಎರಡು ತಿಂಗಳಾಗ್ತಾ ಬಂತು ರೀ,” ಎಂದರು ಆಕೆ. “ಕೈ ಕಿವಿಯಿಂದ ಮೇಲಕ್ಕೆ ಏಳಲ್ಲ. ತಲೆ ಬಾಚ್ಕೊಳ್ಳೋಕಾಗಲ್ಲ. ಕೂದಲು ಗಿಡ್ಡ ಮಾಡಿಕೊಡಿ ಅಂತ ಕೇಳೋಣ ಅಂದ್ರೆ, ಆ ನಿಮ್ಮ ಬೆರಳು.”

ಟವೆಲುಗಳು ಹಗ್ಗ ಬಿಟ್ಟು ಕುರ್ಚಿಗೆ ಇಳಿದದ್ದೇಕೆಂದು ರೇಡಿಯೋಗೆ ಆಗ ಹೊಳೆಯಿತು. ಕನ್ನಡಿಯ ಮೇಲಿನ ಟವೆಲ್ ತೆಗೆದು, ಕುರ್ಚಿ ಒರೆಸಿ, ಹೆಂಡತಿಯ ಕೈಹಿಡಿದು ಕೂರಿಸಿದರು. ಊರಿನ ಅರ್ಧ ತಲೆಗಳನ್ನು ತಿದ್ದಿದ ಆ ಬಾಚಣಿಗೆ ಮನೆಯ ತಲೆಯನ್ನು ಮುಟ್ಟಿದ್ದು ಅಂದೇ ಮೊದಲು. ಸಿಕ್ಕು ಬಿಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಮಾತಾಡಿದವರು ಆಕೆ. ಕುರ್ಚಿಯಲ್ಲಿ ಕೂತವರಿಗೂ ಹೇಳಲು ಏನಾದರೂ ಇರುತ್ತದೆ ಎಂಬುದು ರೇಡಿಯೋ ಪಾಲಿಗೆ ಹೊಸ ಸಂಗತಿ.

“ನಿಮ್ಮ ಕತ್ತರಿಗೆ ಸದ್ದಿದೆ ಅಂತ ಇವತ್ತೇ ಗೊತ್ತಾಗಿದ್ದು,” ಎಂದರು ಆಕೆ ಕೊನೆಗೆ.

ಶನಿವಾರ ರೇಡಿಯೋ ನೋಟ್‌ಬುಕ್ ಹಿಡಿದು ಓಡಿದರು. ಸಿಸ್ಟರ್ ಓದಿ, ಇನ್ನೊಮ್ಮೆ ಓದಿ, ಪುಸ್ತಕ ಮುಚ್ಚಿದರು.

“ಮನೆಯವರ ಮಾತು ಕೇಳೋದರಿಂದ ಶುರುಮಾಡಿ ಅಂತ ಮೊದಲನೇ ಶನಿವಾರವೇ ನಾನು ಹೇಳಿದ್ದೆ. ಆಗ ನೀವು ಮಾತಾಡ್ತಿದ್ರಿ. ಇರಲಿ, ಪ್ರಭು ಹೇಳಿದ್ದು ಅಂತಲೇ ಇಟ್ಕೊಳ್ಳೋಣ. ಮೀಸೆ ಉಳೀತು.”

ಜಯಭೇರಿ ಬಾರಿಸಲು ದನಿಯಿರಲಿಲ್ಲವಾದ್ದರಿಂದ ರೇಡಿಯೋ ಮನೆಗೆ ಬಂದವರೇ ಟವೆಲುಗಳನ್ನೆಲ್ಲ ಹಿತ್ತಲಿನ ಹಗ್ಗಕ್ಕೆ ತಾವೇ ಹಾಕಿ, ಕನ್ನಡಿಯ ಮುಂದೆ ನಿಂತು ಮೀಸೆ ಹುರಿಮಾಡತೊಡಗಿದರು. ಗಿಡ್ಡ ಕೂದಲಿನಲ್ಲಿ ಹತ್ತು ವರ್ಷ ಚಿಕ್ಕವರಾಗಿದ್ದ ಹೆಂಡತಿ ಪರದೆ ಸರಿಸಿ ಬಂದರು.

“ರೀ, ಇನ್ನೂ ಒಂದು ಮಾತಿತ್ತು. ಆ ಮೀಸೆ ಚುಚ್ಚುತ್ತೆ. ಮದುವೆ ಆದಾಗಿನಿಂದ ಹೇಳಬೇಕು ಅಂತಿದ್ದೆ.”

ರೇಡಿಯೋ ಗಾಬರಿಯಿಂದ ನೋಟ್‌ಬುಕ್ ತೆರೆದು, ‘ನಾನು ಪಣ ಗೆದ್ದಿದ್ದೇನೆ’ ಎಂದು ದಪ್ಪಕ್ಷರದಲ್ಲಿ ಬರೆದು ತೋರಿಸಿದರು.

“ಗೆದ್ದಿದ್ದೀರಿ ಅಂತಲೇ ಹೇಳ್ತಿದ್ದೀನಿ,” ಎಂದರು ಆಕೆ. “ಸೋತಿದ್ರೆ ನನ್ನ ಮಾತು ಕೇಳಬೇಕು ಅಂತೇನಿರಲಿಲ್ಲ.”

ಸೋಮವಾರ ಪೋಸ್ಟ್ ಮಾಸ್ಟರರು ಬಂದು ಕುರ್ಚಿಯಲ್ಲಿ ಕೂತು, ರೇಡಿಯೋ ಅವರ ಬೋಳು ತುಟಿಯನ್ನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಹಿಂದಕ್ಕೆ ಚಾಚಿ ಇವರ ಮೊಣಕೈ ತಟ್ಟಿದರು.

“ಹೋಗಲಿ ಬಿಡಿ. ನಿಮ್ಮ ಮಾತಿನ ಮಧ್ಯೆ ಪ್ರಭುವಿಗೂ ಸಂದು ಸಿಕ್ಕಿಲ್ಲ ಅಂತ ಕಾಣುತ್ತೆ.”

ರೇಡಿಯೋ ನಡೆದದ್ದನ್ನೆಲ್ಲ ಹೇಳಿಬಿಡಲು ಬಾಯಿ ತೆರೆದರು. ಡಾಕ್ಟರ ಲೆಕ್ಕದಲ್ಲಿ ಇನ್ನೂ ಐದು ದಿನ ಬಾಕಿಯಿತ್ತು. ಬಾಯಿ ಮುಚ್ಚಿ ಬ್ರಷ್ಷಿಗೆ ನೊರೆ ಹಚ್ಚಿಕೊಂಡರು. ಪರದೆಯ ಆಚೆಯಿಂದ ಕಿಸಕ್ಕನೆ ಒಂದು ನಗು ಬಂತು. ಅಂಗಡಿ ನಿಶ್ಶಬ್ದವಾಗಿದ್ದುದರಿಂದ ಅದು ಪೂರ್ತಿ ಕೇಳಿಸಿತು.