ತಂಗಿಯ ಜೆಲ್ ಮತ್ತು ಬ್ಯಾಟರಿ ನೀರು

ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಅದು ಬೇಸಿಗೆಯ ರಜೆಯೋ ದಸರೆಯದೋ ಖಚಿತವಿಲ್ಲ. ಕೆಲವು ಮಾತುಗಳನ್ನು ಆಮೇಲೆ ನಾನೇ ಚೆಂದ ಮಾಡಿಕೊಂಡಿರಲೂಬಹುದು. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ, ಸಂಶೋಧನೆ ಮಾಡುತ್ತಿದ್ದ ನನ್ನ ತಂಗಿ ಸುಮ ಹಿರಿಯೂರಿನ ಮನೆಗೆ ಒಂದು ಡಬ್ಬಿ ಜೆಲ್ ತಂದದ್ದಂತೂ ನಿಜ. ಹೆಚ್ಚುಕಡಿಮೆ ಎಲ್ಲ ನೀರೇ. ನೀರನ್ನು ಹಿಡಿದಿಡಲು ಪಾಲಿಮರಿನ ಬಲೆ, ಬಲೆ ಹರಿಯದಿರಲು ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಮಣ್ಣಿನ ಕಣಗಳು. ಬೆರಳುದ್ದದ ಪಟ್ಟಿಯನ್ನು ಅವಳು ಮೊಳದುದ್ದ ಎಳೆದು ಬಿಟ್ಟಳು. ಅದು ಏನೂ ಆಗಿಲ್ಲವೆಂಬಂತೆ ಮೊದಲಿನ ಅಳತೆಗೆ ಬಂತು. ಎರಡು ಹೆರಿಗೆಯ ನಂತರ ನನ್ನ ಸೊಂಟ ಇನ್ನೂ ಬಂದಿಲ್ಲ.

ಅದರ ಮೇಲೆ ಜೀವಕೋಶ ಬೆಳೆಸುವುದು ಅವಳ ಗುರಿ. ಜೆಲ್ಲಿನೊಳಗೆ ಉಳಿದ ರಾಸಾಯನಿಕ ಹೋಗದಿದ್ದರೆ ಕೋಶಗಳು ಸಾಯುತ್ತವೆ. ಅದಕ್ಕೆ ದಿನಾ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಬೇಕು. ಆ ನೀರಿನ ಕ್ಯಾನು ಬಸ್ಸಿನಲ್ಲೇ ಸೋರಿಹೋಗಿತ್ತು. ರಜೆ ಮುಗಿದ ಕೂಡಲೇ ಅದರ ಮೇಲೆ ಕೋಶ ಬಿಟ್ಟು ನೋಡುವ ಪರೀಕ್ಷೆ. ಆಗ ಕೋಶ ಸತ್ತರೆ ಅವಳ ವರ್ಷದ ದುಡಿಮೆಯೂ ಸತ್ತಂತೆ.

ಮಾರಿಕಣಿವೆ ಅಣೆಕಟ್ಟಿನ ನೀರಾವರಿ ಕೆಲಸದಿಂದ ನಿವೃತ್ತರಾಗಿದ್ದ ಅಪ್ಪ, "ನಲ್ಲಿ ನೀರೇ ಹಾಕಮ್ಮ. ನಮ್ ಡ್ಯಾಮಿನ ನೀರು ಕುಡ್ದೇ ನೀನು ಇಷ್ಟುದ್ದ ಬೆಳ್ದಿರದು" ಎಂದರು.

"ಅದ್ರಾಗೆ ಉಪ್ಪಿನಂಶ ಐತಪ್ಪ" ಎಂದ ಸುಮ, ಸ್ವಲ್ಪ ಹೊತ್ತು ಹೆದ್ದಾರಿಯ ಲಾರಿಗಳನ್ನೇ ನೋಡುತ್ತ ನಿಂತಳು. ಆಮೇಲೆ, ಲಾರಿ ಬ್ಯಾಟರಿಗೆ ಹಾಕುವುದೂ ಬಟ್ಟಿ ಇಳಿಸಿದ ನೀರೇ ಎಂದು ನನ್ನನ್ನು ಎಳೆದುಕೊಂಡು ಬ್ಯಾಟರಿ ಅಂಗಡಿಗೆ ನಡೆದಳು.

"ಬ್ಯಾಟ್ರಿ ನೀರಾ? ಯಾವ ಗಾಡಿಗಕ್ಕ?" ಎಂದ ಅಂಗಡಿಯವನು.

"ಗಾಡಿಗಲ್ಲಣ್ಣ, ಜೆಲ್ ತೊಳೆಯಾಕೆ."

"ಆ ಗಾಡಿ ನಮ್ ಕಡೆ ಇನ್ನೂ ಬಂದಿಲ್ಲ ಬಿಡ್ರಿ" ಎಂದು ಕ್ಯಾನು ಕೊಟ್ಟ.

ಅವಳು ಅದನ್ನೂ ಸುಮ್ಮನೆ ನಂಬಲಿಲ್ಲ. ನನ್ನ ಸ್ಟೀಲ್ ತಟ್ಟೆಯಲ್ಲಿ ಬೋರಿನ ನೀರು, ನಲ್ಲಿ ನೀರು, ಬ್ಯಾಟರಿ ನೀರು ಒಂದೊಂದು ಹನಿ ಇಟ್ಟು ಬಿಸಿಲಿಗೆ ಒಣಗಿಸಿದಳು. ಬೋರಿನ ಹನಿ ಸುಣ್ಣದ ಬಳೆ ಬಿಟ್ಟಿತು, ನಲ್ಲಿಯದು ತೆಳ್ಳಗಿನ ಉಂಗುರ. ಬ್ಯಾಟರಿ ನೀರಿನ ಗುರುತೇ ಇಲ್ಲ.

ಅಪ್ಪ ತಟ್ಟೆ ತಿರುಗಿಸಿ ನೋಡಿ, "ನಿಮ್ಮಕ್ಕ ತಟ್ಟೆ ಸರಿಯಾಗಿ ತೊಳೆದಿಲ್ಲ" ಎಂದರು. ಡ್ಯಾಮಿನ ಮಾನ ಉಳಿಯಿತು, ನನ್ನದು ಹೋಯಿತು.

ರಜೆ ಮುಗಿದು ಕೆಲವು ವಾರಕ್ಕೆ ಫೋನು ಬಂತು: "ಅಕ್ಕಾ, ಬದುಕಿ ಅವೆ! ಹರಡ್ಕಂಡೂ ಅವೆ!" ನಾನು ಬೀದಿಯವರಿಗೆಲ್ಲ "ನಾವು ಮಾಡಿದ ಜೆಲ್" ಎಂದೇ ಹೇಳಿದೆ. ಅದರಲ್ಲಿ ನನ್ನ ಪಾಲು ಒಂದು ತಟ್ಟೆ, ಅದೂ ಸರಿಯಾಗಿ ತೊಳೆಯದ್ದು. ಆದರೂ ಧೈರ್ಯ ಮಾಡಿ ತಂಗಿಯನ್ನು ಕೇಳಿದೆ: "ನಿನ್ನ ಸಂಶೋಧನೆ ಪುಸ್ತಕದಾಗೆ ಉಪಕಾರ ನೆನೆಯೋ ಪುಟದಲ್ಲಿ ಮೊದಲು ನನ್ನ ಹೆಸರೋ, ಬ್ಯಾಟ್ರಿ ಅಂಗಡಿಯವನದೋ?"

ಈಗ ಅವಳೇ ಪಾಠ ಹೇಳುವ ಮೇಡಂ. ಉತ್ತರ ಇನ್ನೂ ಬಂದಿಲ್ಲ.